ಹಂಬಲ್ ಪದದ ಆರನೇ ಅರ್ಥ

"ನಿಮಗೇನ್ರೀ ಅಷ್ಟೊಂದು ಹಂಬಲ?"

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಪ್ರೂಫ್ ಹಾಳೆಯನ್ನು ಅವನ ಕೀಬೋರ್ಡಿನ ಮೇಲಿಟ್ಟು ಅವಳು ಕೇಳಿದಳು. ಇಟ್ಟು ಅಂತ ಮರ್ಯಾದೆಗೆ ಅಂದೆ. ಬಿಸಾಕಿದಳು ಅನ್ನಬೇಕು.

ಅವನು ಹಾಳೆ ನೋಡಿದ, ಅವಳನ್ನು ನೋಡಿದ, ಅವಳ ಕೈಯಲ್ಲಿದ್ದ ಕೆಂಪು ಪೆನ್ನು ನೋಡಿದ. "ತಪ್ಪಾಯ್ತು ಮೇಡಂ," ಅಂದ. ಆಮೇಲೆ, "ಏನು ತಪ್ಪು ಅಂತ ಗೊತ್ತಾಗ್ಲಿಲ್ಲ."

"ಗೊತ್ತಾಗದೇನೇ ತಪ್ಪಾಯ್ತು ಅಂತೀರಲ್ಲ. ಇದು ಇಂಗ್ಲಿಷ್ ಪದ. ವಿನಯ ಅಂತ ಅರ್ಥ. ಉಚ್ಚಾರ ಹಂಬಲ್. ಕೊನೆಯ ಲ ಅರ್ಧ. ಅದರ ತಲೆ ಮೇಲಿನ ಕೊಕ್ಕೆ ಬಿಟ್ಟು ನೀವು ಹಂಬಲ ಅಂತ ಕೂರಿಸಿದ್ದೀರಿ. ಇದು ಮೂರನೇ ಸಲ."

"ಕೊಕ್ಕೆ ಹಾಕಿದ್ದೆ ಮೇಡಂ."

"ಹಾಗಾದ್ರೆ ಕಾಗೆ ಎತ್ಕೊಂಡು ಹೋಯ್ತಾ?"

ಅವನ ತುಟಿಯ ಎಡಗಡೆ ಮಾತ್ರ ನಕ್ಕಿತು. ಬಲಗಡೆ ಪಾಪ, ಹೆದರಿಕೊಂಡು ಸುಮ್ಮನಿತ್ತು. ಆ ಅರ್ಧ ನಗು ನೋಡಿದರೆ ಅವಳಿಗೆ ಬೈಯುವ ಮಾತು ಮರೆತುಹೋಗುತ್ತಿತ್ತು. ಹಾಗಾಗಿ ಅವಳು ಗೋಡೆ ನೋಡಿದಳು.

ಅದು ನಿಘಂಟಿನ ಕಚೇರಿ. ಇಂಗ್ಲಿಷ್ ಪದಕ್ಕೆ ಕನ್ನಡದ ಅರ್ಥ ಹುಡುಕುವ ಕೆಲಸ ಅಲ್ಲಿ ಮೂವತ್ತೊಂದು ವರ್ಷದಿಂದ ನಡೆದು, ಅಂತೂ ಇಂತೂ ಹೆಚ್ ಅಕ್ಷರಕ್ಕೆ ಬಂದಿತ್ತು. ಪ್ರೂಫ್ ತಿದ್ದುವ ಅವಳಿಗೆ ಕೆಂಪು ಮೇಡಂ ಅಂತ ಅಡ್ಡಹೆಸರು. ಅಕ್ಷರ ಜೋಡಿಸುವ ಅವನಿಗೆ ತಪ್ಪಾಯ್ತಪ್ಪ. ಯಾರಾದರೂ ಅವನ ಕಾಲು ತುಳಿದರೆ ಅವನೇ "ತಪ್ಪಾಯ್ತು" ಅನ್ನುವವನು. ಕರೆಂಟ್ ಹೋದರೂ ಅಂದದ್ದುಂಟು. ಅಣ್ಣ ಅತ್ತಿಗೆಯ ಮನೆಯ ಮಹಡಿ ಕೋಣೆಯಲ್ಲಿ ಬೆಳೆದವನು, ಅಡುಗೆಮನೆಯಲ್ಲಿ ಲೋಟ ತೆಗೆಯುವಾಗಲೂ ಸದ್ದಾಗಬಾರದು ಅಂತ ಕಲಿತವನು.

ಈಗ ವಿಷಯಕ್ಕೆ ಬರೋಣ. ಹೆಚ್ ಸಂಪುಟ ಶನಿವಾರ ಅಚ್ಚಿಗೆ ಹೋಗಬೇಕಿತ್ತು. ಅದರ ಜೊತೆ ಅವನ ಕೆಲಸದ ಅವಧಿಯೂ ಮುಗಿಯುವುದಿತ್ತು. ಸಂಪಾದಕರು "ಐ ಅಕ್ಷರಕ್ಕೂ ನೀವೇ ಇರಿ" ಅಂದಾಗ ಅವನು "ನನಗಿಂತ ಚೆನ್ನಾಗಿ ಮಾಡೋರು ಸಿಗ್ತಾರೆ ಸಾರ್" ಅಂದುಬಿಟ್ಟಿದ್ದ. ಇನ್ನೊಂದು ಊರಿನ ಪ್ರೆಸ್ಸಿನವರು ಕರೆದಿದ್ದರಂತೆ. ಬಾಗಿಲ ಹೊರಗೆ ನಿಂತು ಅವಳು ಇದನ್ನು ಕೇಳಿಸಿಕೊಂಡಿದ್ದಳು. ಆ ದಿನದಿಂದ ಅವಳ ಮೂಗಿನ ತುದಿಯಲ್ಲೇ ಸಿಟ್ಟು.

ಅವಳಿಗೆ ಅವನು ಬೇಕಾಗಿತ್ತು. ಸುತ್ತಿ ಬಳಸಿ ಹೇಳುವುದೇಕೆ. ಮೂರು ವರ್ಷದಿಂದ ಬೇಕಾಗಿತ್ತು. ಆದರೆ ಮೂರು ವರ್ಷ ಒಬ್ಬನ ತಪ್ಪು ಹುಡುಕಿ ಹುಡುಕಿ ಕೆಂಪು ಸುತ್ತು ಹಾಕಿದವಳು, ಹೋಗಿ "ನೀವಿಲ್ಲದೆ ಆಗಲ್ಲ" ಅನ್ನುವುದು ಹೇಗೆ? ಅವಳ ನಾಲಿಗೆಗೆ ಆ ದಾರಿ ಗೊತ್ತಿರಲಿಲ್ಲ.

"ನನ್ನ ಕಣ್ಣೆದುರಿಗೇ ಹಾಕಿ," ಅಂದಳು.

ಅವನು ಹಾಕಿದ. ಅವಳು ಹಿಂದೆ ನಿಂತು ನೋಡಿದಳು. ಅವನ ಕತ್ತಿನ ಹಿಂದೆ, ಅಂಗಿಯ ಕಾಲರಿನೊಳಕ್ಕೆ ಒಂದು ಪುಟ್ಟ ಮಚ್ಚೆ ಅಡಗಿ ಕೂತಿತ್ತು. ಪರದೆಯ ಗಾಜಿನಲ್ಲಿ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು, ಒಂದು ಗಳಿಗೆ ನಿಂತಿತು, ಆಮೇಲೆ ಕಳ್ಳನ ಹಾಗೆ ಕೀಲಿಮಣೆಗೆ ಇಳಿಯಿತು.

"ಕೊಕ್ಕೆ ಬಂತಾ ಮೇಡಂ?"

"ಬಂತು." ಅವಳಿಗೆ ಬೆವರಿತ್ತು.

ಹೊಸ ಹಾಳೆ ಪ್ರಿಂಟ್ ತೆಗೆಸಿ, ಅದರ ಮೂಲೆಗೆ ಸಹಿ ಮಾಡಿ, ತನ್ನ ಮೇಜಿನ ಡ್ರಾದಲ್ಲಿಟ್ಟು ಬೀಗ ಹಾಕಿದಳು. ಕೀಲಿ ಪರ್ಸಿನಲ್ಲಿ ಮನೆಗೆ ಹೋಯಿತು.

ಮಂಗಳವಾರ ಬೆಳಿಗ್ಗೆ ಡ್ರಾ ತೆಗೆದರೆ ಹಾಳೆ ಇತ್ತು, ಮೂಲೆಯಲ್ಲಿ ಅವಳದೇ ಸಹಿ ಇತ್ತು, ಕೊಕ್ಕೆ ಇರಲಿಲ್ಲ. ಕೆರೆದು ತೆಗೆದದ್ದಲ್ಲ. ಉಗುರಿನಿಂದ ಸವರಿ ನೋಡಿದಳು, ಕಾಗದ ನುಣ್ಣಗೇ ಇತ್ತು. ಹಂಬಲ ಅಂತ ಎದ್ದು ಕಾಣುತ್ತಿತ್ತು. ಹಾಳೆ ಎತ್ತಿದಾಗ ಅದರಡಿ ಒಂದು ಚಿಟಿಕೆ ಹಸಿ ಮಣ್ಣು.

ಅವಳು ಅವನನ್ನು ಕರೆಸಿದಳು. ಅವನು ಬಂದ, ನೋಡಿದ. ಮುಖ ಬಿಳಿಚಿಕೊಂಡಿತು.

"ಮೇಡಂ, ಇದು ನಾನಲ್ಲ."

ಕಾಗದ ನೋಡಿ ಅಷ್ಟು ಹೆದರದವಳು ಈ ಮಾತಿಗೆ ಹೆದರಿದಳು. ಮೂರು ವರ್ಷದಲ್ಲಿ ಆ ಮನುಷ್ಯ ಒಂದು ತಪ್ಪನ್ನೂ ನನ್ನದಲ್ಲ ಅಂದದ್ದಿಲ್ಲ.

"ಮೂಲ ಕಾರ್ಡು ನೋಡೋಣ," ಅಂದಳು.

ಕಾರ್ಡ್ ರೂಮು ಮಹಡಿಯ ಮೇಲೆ, ಸಂಪಾದಕರ ಕೋಣೆಯ ಪಕ್ಕ. ನೆಲದಿಂದ ಸೂರಿನವರೆಗೆ ಮರದ ಡ್ರಾಗಳು, ಒಂದೊಂದು ಪದಕ್ಕೆ ಒಂದೊಂದು ಕಾರ್ಡು. ಅವೆಲ್ಲವನ್ನೂ ಒಬ್ಬಳೇ ಬರೆದವಳು ಕಾರ್ಡಕ್ಕ. ಅವಳ ನಿಜವಾದ ಹೆಸರು ಸಂಬಳದ ಪುಸ್ತಕ ಬಿಟ್ಟರೆ ಎಲ್ಲೂ ಬಳಕೆಯಲ್ಲಿರಲಿಲ್ಲ. ದುಂಡನೆಯ ಅಕ್ಷರ, ನೀಲಿ ಶಾಯಿ, ನಿಬ್ಬಿನ ಪೆನ್ನು. ಎಂಟು ತಿಂಗಳ ಹಿಂದೆ, ಹಾಡಹಗಲಲ್ಲಿ, ಇದೇ ಹಂಬಲ್ ಪದದ ಕಾರ್ಡು ಬರೆಯುತ್ತ ಕೂತಲ್ಲೇ ಹೋಗಿಬಿಟ್ಟಿದ್ದಳು. ಅವಳನ್ನು ಮಣ್ಣು ಮಾಡಿ ಬಂದವರಲ್ಲಿ ಇವರಿಬ್ಬರೂ ಇದ್ದರು.

ಆ ಕಾರ್ಡು ಕೆಂಪು ಮೇಡಂಗೆ ಬಾಯಿಪಾಠ ಬರುತ್ತಿತ್ತು. ಮೂಲ: ಲ್ಯಾಟಿನ್, ನೆಲ, ಮಣ್ಣು. ಒಂದು, ವಿನಯವುಳ್ಳ. ಎರಡು, ಕೆಳ ಅಂತಸ್ತಿನ, ಬಡ. ತನ್ನ ಮನೆಯನ್ನು ತಾನೇ ಗುಡಿಸಲು ಅನ್ನುವಾಗಿನ ಮಾತು. ಮೂರು, ಕ್ರಿಯಾಪದ: ಸೊಕ್ಕು ಮುರಿ, ತಗ್ಗಿಸು. ಆಮೇಲೆ ನಾಲ್ಕು ಅಂತ ಅಂಕಿ ಹಾಕಿ ಅಲ್ಲಿಗೇ ಕೈ ನಿಂತಿತ್ತು. ಆ ಬರಿಯ ಅಂಕಿಯನ್ನು ಅಚ್ಚಿನಲ್ಲಿ ಕೈಬಿಡಿಸಿದ್ದು ಅವಳೇ.

ಈಗ ಅಂಕಿಯ ಮುಂದೆ ಅಕ್ಷರವಿತ್ತು. ಅದೇ ದುಂಡು, ಅದೇ ನೀಲಿ.

೪. ಮನಸ್ಸಿನಲ್ಲಿದ್ದದ್ದನ್ನು ಹೇಳದೆ ಇಟ್ಟುಕೊಂಡು, ಅದನ್ನೇ ಒಳ್ಳೆಯತನ ಎಂದುಕೊಳ್ಳುವುದು.

ಅವನು ಹೆಬ್ಬೆರಳು ಮುಟ್ಟಿಸಿದ. ಶಾಯಿ ಹಸಿಯಾಗಿತ್ತು. ಹೊರಗೆ ಬಿಸಿಲು ಸುಡುತ್ತಿತ್ತು, ಕೆಳಗೆ ಬೀದಿಯಲ್ಲಿ ಸೈಕಲ್ಲಿನ ಗಂಟೆ. ಒಳಗೆ, ಅಗೆದ ನೆಲದ ವಾಸನೆ.

"ಯಾರೋ ತಮಾಷೆ ಮಾಡ್ತಿದ್ದಾರೆ," ಅಂದಳು ಅವಳು.

ಅವನು ಅವಳ ಹತ್ತಿರ ಸರಿದು ನಿಂತ. ಮೂರು ವರ್ಷದಲ್ಲಿ ಅಷ್ಟು ಹತ್ತಿರ ನಿಂತದ್ದು ಅದೇ ಮೊದಲು. ತೋಳಿಗೆ ತೋಳು ತಾಗಲಿಲ್ಲ, ತಾಗುವುದಕ್ಕೆ ಒಂದು ನೂಲಿನಷ್ಟು ಬಾಕಿ. ಭಯದಲ್ಲೂ ಆ ನೂಲಿನಷ್ಟು ಜಾಗದ ಬಿಸಿ ಅವಳಿಗೆ ಗೊತ್ತಾಗುತ್ತಿತ್ತು. ಮನುಷ್ಯರ ಮೈಗೆ ಹೊತ್ತು ಗೊತ್ತು ಅನ್ನುವುದಿಲ್ಲ ನೋಡಿ.

ಬುಧವಾರ ಅವಳೊಬ್ಬಳೇ ಮೇಲೆ ಹೋದಳು. ಕಾರ್ಡಿನಲ್ಲಿ ಇನ್ನೂ ನಾಲ್ಕು ಸಾಲು ಸೇರಿತ್ತು.

೫. ನಾನು ಎಷ್ಟರವನು ಎಂದು ಮೊದಲೇ ಹೇಳಿಬಿಟ್ಟು, ಎದುರಿನವರ ಬಾಯಿ ಕಟ್ಟಿಹಾಕುವುದು. ಬಳಕೆ: ಬುಧವಾರ ಮಧ್ಯಾಹ್ನ ಎರಡಕ್ಕೆ ಅವನು ಬಸ್ ಟಿಕೆಟ್ ಜೇಬಿನಲ್ಲಿಟ್ಟುಕೊಂಡು ಬಂದ, ಅವಳು ಒಳ್ಳೆಯದಾಯ್ತು ಎಂದಳು.

ಅವಳು ಕಾರ್ಡನ್ನು ಡ್ರಾದೊಳಕ್ಕೆ ತಳ್ಳಿದಳು. ಸರಿ, ಬರಲಿ ಅವನು. ನಾನೇನು ಒಳ್ಳೆಯದಾಯ್ತು ಅನ್ನುವುದಿಲ್ಲ. ಬಡಪೆಟ್ಟಿಗೆ ಬಗ್ಗುವವಳಲ್ಲ ನಾನು. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತ ಕೆಳಗೆ ಬಂದು ಕೂತಳು. ಊಟ ಸೇರಲಿಲ್ಲ.

ಎರಡು ಹೊಡೆಯಿತು. ಅವನು ಬಾಗಿಲಲ್ಲಿ ನಿಂತಿದ್ದ. ಅಂಗಿಯ ಜೇಬಿನಲ್ಲಿ ಟಿಕೆಟ್ಟಿನ ತುದಿ ಕಾಣುತ್ತಿತ್ತು.

"ಶನಿವಾರ ಹನ್ನೆರಡರ ಬಸ್ಸು ಮೇಡಂ," ಅಂದ. ಏನನ್ನೋ ಕಾಯುವವನ ಹಾಗೆ ನಿಂತ. ಕಣ್ಣು ಅವಳ ಮೇಜಿನ ಮೇಲಿತ್ತು, ಮೇಜಿನಿಂದ ಅವಳ ಬಳೆಗೆ ಬಂತು, ಬಳೆಯಿಂದ ಮುಖಕ್ಕೆ ಬರುವ ಧೈರ್ಯ ಸಾಲಲಿಲ್ಲ.

"ಒಳ್ಳೆಯದಾಯ್ತು," ಅಂದಳು ಅವಳು.

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಮಾತು ಅವಳದಾಗಿರಲಿಲ್ಲ, ಬಾಯಿ ಮಾತ್ರ ಅವಳದು. ಅಥವಾ ಮಾತೂ ಅವಳದೇ ಏನೋ. ಸಿಟ್ಟು ಬಂದಾಗಲೆಲ್ಲ ಅವಳು ಆಡುವುದು ಅದೇ ಮಾತಲ್ಲವೇ? ಅವನು ತಲೆಯಾಡಿಸಿ ಹೊರಟುಹೋದ.

ಆವತ್ತು ಸಂಜೆ ಮನೆಯಲ್ಲಿ ಅವಳ ಅಮ್ಮ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, "ಇವತ್ತು ತಪ್ಪಾಯ್ತಪ್ಪನಿಗೆ ಬೈಗುಳ ಇಲ್ವಾ?" ಅಂತ ಕೇಳಿದಳು.

"ಇಲ್ಲ."

"ಹುಷಾರಿದ್ದೀಯ ತಾನೇ? ದಿನಾ ಒಂದು ಗಂಟೆ ಅವನ ಸುದ್ದಿ ಇರುತ್ತಲ್ಲ. ನಿಮ್ಮಪ್ಪನ್ನ ಕಟ್ಕೊಂಡು ಮೂವತ್ತು ವರ್ಷ ಆಯ್ತು, ನಾನು ಅಷ್ಟು ಬೈದಿಲ್ಲ. ಬೈಯೋದಕ್ಕೂ ಪ್ರೀತಿ ಬೇಕಮ್ಮ."

"ಸುಮ್ನಿರಮ್ಮ."

ಅಮ್ಮ ಸುಮ್ಮನಾಗಿ, ಮಗಳ ಕಣ್ಣು ತುಂಬಿದ್ದನ್ನು ನೋಡದವಳ ಹಾಗೆ ಮತ್ತೊಂದು ಬಟ್ಟೆ ಎಳೆದುಕೊಂಡಳು.

ಗುರುವಾರ ಇಬ್ಬರೂ ಕಾರ್ಡು ತೆಗೆದುಕೊಂಡು ಸಂಪಾದಕರ ಮುಂದೆ ನಿಂತರು. ಎಪ್ಪತ್ತು ದಾಟಿದವರು, ಒಂಟಿ, ಕೆಮ್ಮುವಾಗಲೂ ವ್ಯಾಕರಣ ತಪ್ಪದವರು ಅಂತ ಹಿಂದಿನಿಂದ ನಗುತ್ತಿದ್ದರು ಎಲ್ಲ. ಅವರು ಕನ್ನಡಕ ಏರಿಸಿ ಓದಿದರು.

"ಇದು ಅವರದೇ ಕೈ," ಅಂದರು. ಬೈಯುತ್ತಾರೆ ಅಂದುಕೊಂಡಿದ್ದಳು ಅವಳು. ಅವರು ಬೈಯಲಿಲ್ಲ.

"ಮೂವತ್ತು ವರ್ಷ ದಿನಾ ಒಂದು ಚೀಟಿ ಕಳಿಸೋರು ನನಗೆ. ಈ ಪದಕ್ಕೆ ಇದು ಸರಿಯಾ, ಆ ಪದಕ್ಕೆ ಅದು ಆದೀತಾ ಅಂತ. ಕೊನೆಗೆ, ತಮ್ಮ ವಿಧೇಯಳು ಅಂತ ಬರೆದು ಸಹಿ. ಇಂಗ್ಲಿಷ್ ಕಾಗದದ ಅಡಿಯಲ್ಲಿ ಇದೇ ಹಂಬಲ್ ಅನ್ನೋದನ್ನ ಹಾಕ್ತಿದ್ರಲ್ಲ, ಆ ಲೆಕ್ಕದಲ್ಲಿ. ನಾನು ವಿಧೇಯಳು ಅನ್ನೋದನ್ನ ಓದಿ ಬದಿಗಿಡ್ತಿದ್ದೆ." ಅವರು ಕನ್ನಡಕ ತೆಗೆದರು. "ತಮ್ಮ ಅನ್ನೋದನ್ನ ಒಂದು ದಿನವೂ ಓದಲಿಲ್ಲ."

ಪಕ್ಕದ ಕಾರ್ಡ್ ರೂಮಿನಲ್ಲಿ ನಿಬ್ಬು ಕೆರೆಯುವಂಥ ಸಣ್ಣ ಸದ್ದು ಕೇಳಿಸಿತು, ಮೂವರಿಗೂ. ಮೂವರೂ ಕೇಳಿಸದವರಂತೆ ಇದ್ದರು.

"ನಿಮಗೂ ಮನಸ್ಸಿತ್ತಾ ಸಾರ್?" ಅವಳು ಕೇಳಿಯೇಬಿಟ್ಟಳು.

"ಇತ್ತಮ್ಮ. ನಾನು ಮೇಲಿನವನು, ನಾನಾಗಿ ಕೇಳಿದ್ರೆ ಬೇಡ ಅನ್ನೋಕೆ ಅವರಿಗೆ ಸಂಕಟ ಆಗುತ್ತೆ ಅಂತ ಸುಮ್ಮನಾದೆ. ಸಜ್ಜನಿಕೆ ಅಂದ್ಕೊಂಡಿದ್ದೆ ಅದನ್ನ." ಅವರು ಕಾರ್ಡು ವಾಪಸ್ ಕೊಟ್ಟರು. "ಇಟ್ಟ ಜಾಗದಲ್ಲೇ ಇಡಿ. ಅವರು ಬರೆದು ಮುಗಿಸಲಿ."

ಮೆಟ್ಟಿಲಿಳಿಯುವಾಗ ಅವನು ಎರಡು ಮೆಟ್ಟಿಲು ಕೆಳಗಿದ್ದ. ಒಮ್ಮೆ ನಿಂತ, ತಿರುಗಿ ನೋಡಿದ. ಅವಳೂ ನಿಂತಳು. ಅವನ ಬಾಯಿ ತೆರೆಯಿತು. "ಹುಷಾರು ಮೇಡಂ, ಮೆಟ್ಟಿಲು ಜಾರುತ್ತೆ," ಅಂದ. ಅಷ್ಟೇ. ಮೆಟ್ಟಿಲಿನ ಮೇಲೆ ಒಂದು ಹನಿ ನೀರಿರಲಿಲ್ಲ.

ಶುಕ್ರವಾರ ಆರನೇ ಅಂಕಿ ಬಂತು. ಅರ್ಥ ಇರಲಿಲ್ಲ. ನೇರ ಬಳಕೆಯೇ ಬರೆದಿತ್ತು.

೬. ಶನಿವಾರ ಬೆಳಿಗ್ಗೆ ಅವಳು ಅವನ ಮುಂದೆ ಹೋಗಿ ನಿಂತು, ಹೋಗಬೇಡಿ ಎಂದು

ಅಲ್ಲಿಗೇ ನಿಂತಿತ್ತು. ಕನ್ನಡದ ವಾಕ್ಯ ಇದೆಯಲ್ಲ, ಕೊನೆಯ ಪದ ಬರುವ ತನಕ ಗುಟ್ಟು ಬಿಟ್ಟುಕೊಡುವುದಿಲ್ಲ. ಹೇಳಿದಳೋ, ಹೇಳಲಿಲ್ಲವೋ, ಹೇಳಬೇಕೆಂದು ಹೋಗಿ ಇನ್ನೇನೋ ಒದರಿ ವಾಪಸ್ ಬಂದಳೋ? ಅವಳು ಆ ಕಾರ್ಡಿನ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಬಿಸಿಲು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಹೋಯಿತು. ಹತ್ತಿರದಲ್ಲೇ ಯಾರೋ ಉಸಿರಾಡುತ್ತಿದ್ದಂತೆ, ಉಸಿರೆಳೆದು ಬಿಡಲು ಮರೆತಂತೆ ಅನ್ನಿಸುತ್ತಿತ್ತು. ಒಂದಕ್ಷರವೂ ಮುಂದೆ ಹೋಗಲಿಲ್ಲ.

ಶನಿವಾರ ಒಂಬತ್ತಕ್ಕೇ ಬಂದಳು. ವಾಕ್ಯ ಹಾಗೇ ಇತ್ತು. ಹತ್ತಾಯಿತು. ಹತ್ತೂವರೆಯಾಯಿತು. ಬುಧವಾರದ ಮಾತು ಬರೆದಂತೆಯೇ ನಡೆದಿತ್ತು. ಇದೂ ಬರೆದಂತೆಯೇ ನಡೆಯಬೇಕಲ್ಲ. ಹೇಳಿದಳು ಅಂತ ಒಂದೇ ಒಂದು ಪದ ಬಂದರೆ ಸಾಕು, ಅದರ ಧೈರ್ಯದ ಮೇಲೆ ಕೆಳಗಿಳಿಯಬಹುದಿತ್ತು.

"ಅಕ್ಕಾ," ಅಂದಳು ಖಾಲಿ ಕೋಣೆಗೆ. "ಮುಂದೆ ಬರೀರಿ."

ನಿಬ್ಬಿನ ಸದ್ದು ಶುರುವಾಯಿತು. ಕೆರೆಯಿತು, ನಿಂತಿತು. ಮತ್ತೆ ಕೆರೆಯಿತು, ನಿಂತಿತು. ಕಾರ್ಡಿನ ಮೇಲೆ ಏನೂ ಮೂಡಲಿಲ್ಲ, ಶಾಯಿಯ ಒಂದು ಹನಿ ಕೂಡ. ಮಣ್ಣಿನ ವಾಸನೆ ಮೂಗಿಗೆ ಅಡರಿತು. ಮೈಮೇಲಿನ ಕೂದಲೆಲ್ಲ ಎದ್ದು ನಿಂತಿದ್ದರೂ ಆಗ ಅವಳಿಗೆ ಅರ್ಥವಾಯಿತು. ಕಾರ್ಡಕ್ಕ ಸತಾಯಿಸುತ್ತಿರಲಿಲ್ಲ. ಆ ಕೊನೆಯ ಪದ ಅವಳಿಗೂ ಗೊತ್ತಿರಲಿಲ್ಲ. ಅರವತ್ತು ಸಾವಿರ ಪದಗಳನ್ನು ಬರೆದ ಹೆಂಗಸು ಅದೊಂದನ್ನು ಬದುಕಿನಲ್ಲಿ ಬಳಸಿ ನೋಡಿರಲಿಲ್ಲ.

ಅವಳಿಗೆ ಅಯ್ಯೋ ಅನ್ನಿಸಿತು. ಭಯಕ್ಕಿಂತ ಆ ಅಯ್ಯೋ ದೊಡ್ಡದಾಗಿತ್ತು. ಅವಳು ಕೆಳಗಿಳಿದಳು.

ಅವನು ಕಂಪ್ಯೂಟರಿಗೆ ಬಟ್ಟೆ ಹೊದಿಸುತ್ತಿದ್ದ. ಕಾಲ ಬಳಿ ಒಂದು ಬ್ಯಾಗು. ಮೂರು ವರ್ಷ ಕೂತ ಜಾಗದಲ್ಲಿ ಅವನದು ಅಂತ ಒಂದು ಪೆನ್ಸಿಲ್ಲೂ ಉಳಿದಿರಲಿಲ್ಲ. ಕುರ್ಚಿಯನ್ನೂ ಒರೆಸಿಟ್ಟಿದ್ದ.

"ಪ್ರೂಫಲ್ಲಿ ಏನಾದ್ರೂ ಉಳೀತಾ ಮೇಡಂ?"

ಒಳ್ಳೆಯದಾಯ್ತು ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿ ಬಂದು ಕೂತಿತ್ತು, ಯಾರೋ ತಂದು ಇಟ್ಟ ಹಾಗೆ. ಅವಳು ಅದನ್ನು ಉಗುಳಿನ ಜೊತೆ ನುಂಗಿದಳು.

"ಹೋಗಬೇಡಿ."

"ಕೆಲಸ ಏನಾದ್ರೂ ಬಾಕಿ..."

"ಕೆಲಸ ಹಾಳಾಗಿ ಹೋಗಲಿ. ನನಗೆ ನೀವು ಬೇಕು. ಕತ್ತಿನ ಹಿಂದೆ ಮಚ್ಚೆ ಇರೋ, ಎಲ್ಲದಕ್ಕೂ ತಪ್ಪಾಯ್ತು ಅನ್ನೋ ಈ ಮನುಷ್ಯನೇ ಬೇಕು. ಬಿಡಿಸಿ ಹೇಳಿದ್ದು ಸಾಕಾ, ಇನ್ನೂ ಬೇಕಾ?"

ಅವನ ಕೈಯಲ್ಲಿದ್ದ ಬಟ್ಟೆ ಜಾರಿತು. "ನಾನು ಎಷ್ಟರವನು ಮೇಡಂ..."

"ಅದನ್ನ ನಿಮ್ಮನ್ನ ಕೇಳಿಲ್ಲ. ನೀವು ಎಷ್ಟರವರು ಅಂತ ನನಗೆ ಗೊತ್ತು. ಮೂರು ವರ್ಷ ಮರ್ಯಾದೆ ನೋಡ್ಕೊಂಡು ಕೂತಿದ್ದೆ, ಇವತ್ತು ಅದನ್ನೆಲ್ಲ ಮೇಲೇ ಬಿಟ್ಟು ಬಂದಿದ್ದೀನಿ. ನಿಮಗೆ ನಾನು ಬೇಕಾ, ಬೇಡವಾ? ಬೇಡ ಅಂದ್ರೆ ಬಸ್ ಸ್ಟ್ಯಾಂಡಿನ ತನಕ ಬಂದು ಬಿಟ್ಟು ಬರ್ತೀನಿ, ಅಳೋದಿದ್ರೆ ಆಮೇಲೆ ಅಳ್ತೀನಿ."

ಆಗ ತಲೆಯ ಮೇಲೆ, ಕಾರ್ಡ್ ರೂಮಿನಲ್ಲಿ, ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

ಅಲ್ಲಿ ಯಾರೂ ಇರಲಿಲ್ಲ. ಬಾಗಿಲು ಹಾಕಿ ಬಂದವಳೇ ಅವಳು. ಇಬ್ಬರೂ ಸೂರು ನೋಡಿದರು. ಹೆಜ್ಜೆ ಕೇಳಿಸಿತು. ಚಪ್ಪಲಿ ಎಳೆದು ನಡೆಯುವ, ವಯಸ್ಸಾದ ಹೆಂಗಸಿನ ಹೆಜ್ಜೆ. ಒಂದೆರಡು ಇಟ್ಟು ನಿಂತಿತು, ಹಿಂದಕ್ಕೆ ಹೋಗೋಣವೇ ಅಂತ ಯೋಚಿಸಿತೇನೋ. ಆಮೇಲೆ ನಡೆಯಿತು, ಸಂಪಾದಕರ ಬಾಗಿಲವರೆಗೆ.

ಬಾಗಿಲು ತೆರೆದುಕೊಂಡಿತು. ಸಂಪಾದಕರ ದನಿ ಸ್ಪಷ್ಟವಾಗಿ ಕೇಳಿತು, ಸ್ವಲ್ಪವೂ ನಡುಗದೆ.

"ಬನ್ನಿ. ಕೂತ್ಕೊಳ್ಳಿ."

ಅವನು ಅವಳ ಕೈ ಹಿಡಿದುಕೊಂಡ. ಅವನ ಬೆರಳುಗಳೂ ಮಂಜುಗಡ್ಡೆ.

"ನಾನೊಂದು ಹೇಳಬೇಕು," ಅಂದ. ಮಾತು ಒಂದರ ಹಿಂದೆ ಒಂದು ಬಿದ್ದವು, ಬಾಗಿಲು ಮುಚ್ಚುವುದರೊಳಗೆ ಆಚೆ ಬರಬೇಕು ಅನ್ನುವ ಹಾಗೆ. "ಈ ಕೊಕ್ಕೆ ನಾನಲ್ಲ. ಆದರೆ ಬೇರೆ ತಪ್ಪುಗಳು ಬೇಕಂತಲೇ ಮಾಡ್ತಿದ್ದೆ. ದಿನಕ್ಕೊಂದು. ಎಲ್ಲಾದ್ರೂ ಒಂದು ದೀರ್ಘ, ಒಂದು ಒತ್ತು. ಎಲ್ಲ ಸರಿ ಇದ್ರೆ ನೀವು ನನ್ನ ಹತ್ರ ಬರ್ತಿರಲಿಲ್ಲ. ಬೈಯೋಕಾದ್ರೂ ಬರ್ಲಿ ಅಂತ."

ಅವಳು ಅವನನ್ನೇ ನೋಡಿದಳು. ಮೂರು ವರ್ಷ. ದಿನಕ್ಕೊಂದು.

"ನನ್ನ ಕಣ್ಣು ಹಾಳು ಮಾಡಿದ್ರಲ್ಲ," ಅಂದಳು. ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು.

"ನೀವು ಬೇಕು," ಅಂದ ಅವನು. ಈ ಬಾರಿ ಅವನ ಕಣ್ಣು ಮೇಜಿಗೂ ಬಳೆಗೂ ಹೋಗದೆ ನೇರವಾಗಿ ಬಂದು ಅವಳ ಕಣ್ಣಿನಲ್ಲಿ ನಿಂತಿತು, ನಿಂತೇ ಇತ್ತು. "ಬೇಕು ಅಂತ ಹೇಳೋಕೆ ಬರ್ತಿರಲಿಲ್ಲ. ಮನೆಯಲ್ಲಿ ಯಾವತ್ತೂ ಏನೂ ಬೇಕು ಅಂದವನಲ್ಲ ನಾನು. ನೀವು ಬೇಕು."

ಮೇಲೆ ಸಂಪಾದಕರು ಮಾತಾಡುತ್ತಿದ್ದರು. ಶಬ್ದ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ನಡುನಡುವೆ ಅವರು ಸುಮ್ಮನಾಗುತ್ತಿದ್ದರು, ಎದುರಿನವರ ಮಾತು ಕೇಳಿಸಿಕೊಳ್ಳುವವರು ಸುಮ್ಮನಾಗುವಷ್ಟು ಹೊತ್ತು. ಒಮ್ಮೆ ನಕ್ಕರು. ಅವರು ನಗುವುದನ್ನು ಆ ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ.

ಹನ್ನೆರಡು ಹೊಡೆಯಿತು. ದೂರದಲ್ಲಿ ಬಸ್ಸಿನ ಹಾರ್ನ್ ಆದದ್ದು ಇಬ್ಬರಿಗೂ ಕೇಳಿಸಿತು.

"ಮೇಲೆ ಹೋಗಿ ನೋಡೋಣವಾ?" ಅವನು ಪಿಸುದನಿಯಲ್ಲಿ ಕೇಳಿದ.

"ಬೇಡ," ಅಂದಳು ಅವಳು, ಅವನ ಕೈ ಬಿಡದೆ. "ಅವರು ಮಾತಾಡ್ಲಿ."